ಹೆದ್ದಾರಿಯೂ ದಾರಿಹೋಕರೂ: ಬೆಂಗಳೂರು ಗ್ರಾಮಾಂತರ ಜಿಲ್ಲೆಯ ರಸ್ತೆಗಳ ಚರಿತ್ರೆಯಲ್ಲಿ ಒಂದು ವಿಚಾರ

ನಮ್ಮ ನಾಡಿನ ಚರಿತ್ರೆಯನ್ನು ಬರೆದವರು ಅರಸುಮನೆತನಗಳಿಗೂ ಕೆರೆ, ಕೋಟೆ, ದೇವಾಲಯಗಳಿಗೂ ಕೊಟ್ಟ ಗಮನವನ್ನು ರಸ್ತೆಗಳಿಗೆ ಕೊಟ್ಟದ್ದು ವಿರಳ. ರಸ್ತೆಯ ಮಾತು ಬಂದಾಗಲೂ ಅದನ್ನು ಯಾರು ಕಟ್ಟಿಸಿದರು, ಎಷ್ಟು ಮೈಲಿ ಕಟ್ಟಿಸಿದರು ಎಂಬಲ್ಲಿಗೆ ವಿವರಣೆ ಮುಗಿಯುತ್ತದೆ. ಅದರ ಮೇಲೆ ಯಾರು ನಡೆದರು, ಯಾರು ಯಾರಿಗೆ ದಾರಿ ಬಿಡಬೇಕಾಗಿತ್ತು ಎಂಬ ಪ್ರಶ್ನೆ ಏಳುವುದೇ ಇಲ್ಲ. ಈ ಪ್ರಶ್ನೆ ಕ್ಷುಲ್ಲಕವಾದುದಲ್ಲ. ೨೦೨೨ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳ ಮೇಲೆ ೧,೬೮,೪೯೧ ಮಂದಿ ಮೃತಪಟ್ಟರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯಿಂದ ತಿಳಿದುಬರುತ್ತದೆ. ಇವರಲ್ಲಿ ೩೨,೮೨೫ ಮಂದಿ ಪಾದಚಾರಿಗಳು; ಎಂದರೆ ಮೃತರಾದ ಪ್ರತಿ ಐವರಲ್ಲಿ ಹೆಚ್ಚುಕಡಮೆ ಒಬ್ಬರು ನಡೆದು ಹೋಗುತ್ತಿದ್ದವರು.

ಚಾಲಕ, ಪಾದಚಾರಿ, ಸೈಕಲ್ ಸವಾರ ಈ ಮೂವರ ನಡುವಣ ಘರ್ಷಣೆಗೆ ಜನರಲ್ಲಿ ಶಿಸ್ತಿಲ್ಲದಿರುವುದೇ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಅಭಿಪ್ರಾಯವನ್ನು ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಇದಕ್ಕಾಗಿ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಎಂಬ ನಾಲ್ಕು ತಾಲೂಕುಗಳನ್ನು ಆರಿಸಿಕೊಂಡಿದೆ. ೧೯೮೬ರಲ್ಲಿ ಬೆಂಗಳೂರು ಜಿಲ್ಲೆಯಿಂದ ಬೇರ್ಪಟ್ಟ ಗ್ರಾಮಾಂತರ ಜಿಲ್ಲೆಯಲ್ಲಿ, ೨೦೦೭ರಲ್ಲಿ ರಾಮನಗರ ಜಿಲ್ಲೆ ಪ್ರತ್ಯೇಕವಾದ ಮೇಲೆ, ಉಳಿದವು ಇವೇ ನಾಲ್ಕು. ರಾಜಧಾನಿಯಿಂದ ಪಶ್ಚಿಮಕ್ಕೂ ಉತ್ತರಕ್ಕೂ ಪೂರ್ವಕ್ಕೂ ಹೊರಡುವ ಹಿರಿಯ ದಾರಿಗಳೆಲ್ಲ ಇವುಗಳ ಮೂಲಕವೇ ಹಾಯ್ದುಹೋಗುತ್ತವೆ.

ಮೊದಲು ಪದಗಳನ್ನು ನೋಡಬಹುದು. ಹಳಗನ್ನಡದಲ್ಲಿ ‘ಬಟ್ಟೆ’ ಎಂದರೆ ದಾರಿ. ‘ಹೆದ್ದಾರಿ’ ಎಂಬುದು ಹಿರಿದಾದ ದಾರಿ. ಈ ಹಿರಿಮೆ ವೇಗವನ್ನು ಸೂಚಿಸುವುದಲ್ಲ. ಅನೇಕ ಊರುಗಳವರು, ಅನೇಕ ಬಗೆಯ ಪಯಣಿಗರು ಕೂಡಿ ನಡೆಯುವ ದಾರಿ ಎಂಬುದಷ್ಟೇ ಅದರ ಅರ್ಥ. ಹಿಂದಿನ ಸುಂಕದ ವ್ಯವಸ್ಥೆಯೂ ಇದನ್ನೇ ತೋರಿಸುತ್ತದೆ. ತಲೆಹೊರೆ, ಎತ್ತಿನ ಹೇರು, ಬಂಡಿ ಎಂದು ಸರಕಿನ ಭಾರವನ್ನು ಅದನ್ನು ಹೊತ್ತವರ ಲೆಕ್ಕದಲ್ಲಿ ಎಣಿಸುತ್ತಿದ್ದರು. ತಲೆಯ ಮೇಲೆ ಹೊರೆ ಹೊತ್ತು ನಡೆಯುವವನೂ ಹೆದ್ದಾರಿಯ ಲೆಕ್ಕಕ್ಕೆ ಸೇರಿದ್ದನು. ಸಾಲುಮರ, ಅರವಟ್ಟಿಗೆ, ಛತ್ರ, ಹೊರೆಯನ್ನಿಳಿಸಲು ನೆಟ್ಟ ಕಲ್ಲು ಇವೆಲ್ಲ ನಡೆಯುವವರ ದಣಿವನ್ನು ಬಲ್ಲವರು ಮಾಡಿದ ಏರ್ಪಾಡುಗಳು.

ಶ್ರೀರಂಗಪಟ್ಟಣದ ಪತನಾನಂತರ, ೧೮೦೦ನೆಯ ಇಸವಿಯಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸಂಚರಿಸಿದನು. ಹೊಸಕೋಟೆ, ದೊಡ್ಡಬಳ್ಳಾಪುರಗಳು ಅವನ ಪ್ರವಾಸ ಗ್ರಂಥದಲ್ಲಿ ಬರುತ್ತವೆ. ಆ ಗ್ರಂಥ ೧೮೦೭ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ವ್ಯಾಪಾರದ ಸರಕೆಲ್ಲ ಹೇರಿನ ಎತ್ತುಗಳ ಬೆನ್ನಿನ ಮೇಲೆ ಸಾಗುತ್ತಿದ್ದ ಕಾಲವದು. ಹೇರಿನ ಎತ್ತಿನ ನಡಿಗೆ ಮನುಷ್ಯನ ನಡಿಗೆಗಿಂತ ಚುರುಕಾದುದಲ್ಲ. ದಾರಿಯಲ್ಲಿದ್ದವರೆಲ್ಲರ ವೇಗವೂ ಹೆಚ್ಚುಕಡಮೆ ಒಂದೇ ಆಗಿದ್ದುದರಿಂದ ಯಾರು ಯಾರಿಗೆ ದಾರಿ ಬಿಡಬೇಕೆಂಬ ವ್ಯಾಜ್ಯಕ್ಕೆ ಅಷ್ಟಾಗಿ ಅವಕಾಶವಿರಲಿಲ್ಲ. ಹಾಗೆಂದು ಆ ಕಾಲವನ್ನು ಸುವರ್ಣಯುಗವೆಂದು ಭ್ರಮಿಸಬೇಕಾಗಿಲ್ಲ. ಕಳ್ಳಕಾಕರ ಭಯ, ಮಳೆಗಾಲದ ಕೆಸರು, ಸುಂಕದ ಕಟ್ಟೆಗಳ ಕಾಟ ಇವು ದಾರಿಹೋಕರನ್ನು ಬಾಧಿಸುತ್ತಲೇ ಇದ್ದವು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಕಮಿಷನರುಗಳ ಆಡಳಿತದಲ್ಲಿ, ಮೈಸೂರು ಸೀಮೆಯ ರಸ್ತೆಗಳು ಹೊಸ ರೂಪವನ್ನು ಪಡೆದವು. ಮಾರ್ಕ್ ಕಬ್ಬನ್ನನ ಕಾಲದಲ್ಲಿ ಬಂಡಿಗಳು ಸಲೀಸಾಗಿ ಓಡಾಡಬಲ್ಲ ರಸ್ತೆಗಳು ಬೆಳೆದವು. ೧೮೫೬ರಲ್ಲಿ ಮರಾಮತ್ತು ಇಲಾಖೆ ಸ್ಥಾಪಿತವಾಯಿತು. ಜಟಕಾ, ಸಾರೋಟು, ಎತ್ತಿನ ಗಾಡಿಗಳು ಹೆಚ್ಚಿದಂತೆ ವೇಗದ ತಾರತಮ್ಯವೂ ತಲೆದೋರಿತು. ಇದಕ್ಕೆ ಕಾನೂನು ಕೊಟ್ಟ ಉತ್ತರ ಗಮನಾರ್ಹವಾದುದು. ೧೮೬೦ರ ಭಾರತೀಯ ದಂಡ ಸಂಹಿತೆಯ ೨೭೯ನೆಯ ಕಲಮು, ಸಾರ್ವಜನಿಕ ದಾರಿಯಲ್ಲಿ ಮನುಷ್ಯ ಜೀವಕ್ಕೆ ಅಪಾಯವಾಗುವಂತೆ ದುಡುಕಿನಿಂದಾಗಲಿ ಅಲಕ್ಷ್ಯದಿಂದಾಗಲಿ ವಾಹನವನ್ನು ನಡೆಸುವುದನ್ನೂ ಸವಾರಿ ಮಾಡುವುದನ್ನೂ ಅಪರಾಧವೆಂದು ಸಾರಿತು. ಮೋಟಾರು ಇನ್ನೂ ಹುಟ್ಟಿರದಿದ್ದ ಕಾಲದ ವಿಧಿ ಇದು. ಕುದುರೆಯ ಲಗಾಮನ್ನು ಹಿಡಿದವನೇ ಎಚ್ಚರಿಕೆಯ ಹೊಣೆಗಾರನೆಂಬುದು ಅದರ ತಾತ್ಪರ್ಯ. ಅದೇ ಸಂಹಿತೆಯ ೨೮೩ನೆಯ ಕಲಮು ದಾರಿಗೆ ಅಡ್ಡಿಯುಂಟುಮಾಡುವವನಿಗೆ ದಂಡವನ್ನು ವಿಧಿಸಿತು. ಇವೆರಡನ್ನೂ ಜೊತೆಗಿಟ್ಟು ನೋಡಿದರೆ ದಾರಿ ಎಲ್ಲರದೆಂಬ, ವೇಗದವನು ಮೊದಲು ಎಚ್ಚರವಾಗಿರಬೇಕೆಂಬ ಭಾವನೆ ಸ್ಪಷ್ಟವಾಗುತ್ತದೆ.

ಬೇರೆ ದೇಶಗಳಲ್ಲಿಯೂ ಆರಂಭದ ನಿಲುವು ಇಂಥದೇ. ಇಂಗ್ಲೆಂಡಿನಲ್ಲಿ ೧೮೬೫ರ ಒಂದು ಶಾಸನ, ಯಂತ್ರವಾಹನದ ಮುಂದೆ ಕೆಂಪು ಬಾವುಟ ಹಿಡಿದವನೊಬ್ಬನು ನಡೆದುಹೋಗಬೇಕೆಂದು ವಿಧಿಸಿತ್ತು. ಈ ಬಗೆಯ ನಿರ್ಬಂಧ ೧೮೯೬ರಲ್ಲಿ ತೊಲಗಿತು. ಅಮೆರಿಕದ ನಗರಗಳಲ್ಲಿ ೧೯೨೦ರ ದಶಕದಲ್ಲಿ ಗಾಳಿ ತಿರುಗಿ, ಗೊತ್ತಾದ ಸ್ಥಳವನ್ನು ಬಿಟ್ಟು ರಸ್ತೆ ದಾಟುವ ಪಾದಚಾರಿಯೇ ತಪ್ಪಿತಸ್ಥನೆನಿಸಿದನು. ಹೊಣೆ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟಿದ್ದು ಅಲ್ಲಿ ಶಾಸನದಲ್ಲಿಯೇ ಬಹಿರಂಗವಾಗಿ ಕಾಣುತ್ತದೆ.

ನಮ್ಮಲ್ಲಿ ಹಾಗಾಗಲಿಲ್ಲ. ೧೯೧೪ರಲ್ಲಿ ಬ್ರಿಟಿಷ್ ಭಾರತದ ಮೊದಲ ಮೋಟಾರು ವಾಹನ ಕಾಯಿದೆ ಬಂದಿತು. ೧೯೩೯ರ ಕಾಯಿದೆ ಸ್ವಾತಂತ್ರ್ಯಾನಂತರ ಮೈಸೂರಿಗೂ ಅನ್ವಯವಾಯಿತು. ಇವು ಚಾಲಕನಿಗೆ ಲೈಸೆನ್ಸು, ವೇಗಕ್ಕೆ ಮಿತಿ, ವಾಹನಕ್ಕೆ ನೋಂದಣಿ ಇವುಗಳನ್ನು ವಿಧಿಸಿದುವು; ನಡೆಯುವವನನ್ನು ರಸ್ತೆಯಿಂದ ಹೊರಗಿಡಲಿಲ್ಲ. ಆದರೆ ಇಂಜಿನಿಯರುಗಳ ಚರ್ಚೆಯ ಧಾಟಿ ಬೇರೆಯಾಗಿತ್ತು. ೧೯೨೭ರಲ್ಲಿ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿ ಮೋಟಾರು ಸಂಚಾರಕ್ಕೆ ತಕ್ಕ ರಸ್ತೆಗಳ ಅಭಿವೃದ್ಧಿಯನ್ನು ಕುರಿತು ಮರುವರ್ಷ ವರದಿ ಸಲ್ಲಿಸಿತು. ೧೯೩೪ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ ಸ್ಥಾಪಿತವಾಯಿತು. ಎತ್ತಿನ ಗಾಡಿಯ ಚಕ್ರದ ಕಬ್ಬಿಣದ ಪಟ್ಟಿ ರಸ್ತೆಯ ಮೈಯನ್ನು ಕೊರೆಯುತ್ತದೆಂಬುದು ಆ ಕಾಲದ ತಜ್ಞರ ದೊಡ್ಡ ದೂರು. ಯಾವ ಗಾಡಿಗಾಗಿ ರಸ್ತೆ ಹಿಂದೆ ನಿರ್ಮಾಣವಾಗಿತ್ತೋ ಅದೇ ಗಾಡಿ ಈಗ ರಸ್ತೆಯ ಶತ್ರುವೆನಿಸಿತು.

ಆದರೂ ೧೯೫೦ರ, ೧೯೬೦ರ ದಶಕಗಳಲ್ಲಿ ಈ ತಾಲೂಕುಗಳ ರಸ್ತೆ ಸಾಕಷ್ಟು ನಿಧಾನವಾಗಿಯೇ ಇದ್ದಿತು. ೧೯೪೮ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ೧೨೦ ಬಸ್ಸುಗಳಿಂದ ಕಾರ್ಯಾರಂಭ ಮಾಡಿತು. ೧೯೬೧ರಲ್ಲಿ ಅದು ನಿಗಮವಾಯಿತು. ದೊಡ್ಡಬಳ್ಳಾಪುರದ ನೇಕಾರನಿಗೂ ದೇವನಹಳ್ಳಿಯ ರೈತನಿಗೂ ಬೈಸಿಕಲ್ಲೇ ಕೈಗೆಟಕುವ ವಾಹನ. ದೀಪವಿಲ್ಲದೆ ಸವಾರಿ ಮಾಡಿದವರನ್ನೂ ಒಂದು ಸೈಕಲ್ಲಿನ ಮೇಲೆ ಇಬ್ಬರು ಕುಳಿತವರನ್ನೂ ಪೊಲೀಸರು ಹಿಡಿದು ದಂಡ ಹಾಕುತ್ತಿದ್ದ ಸಂಗತಿ ಹಿರಿಯರ ನೆನಪಿನಲ್ಲಿದೆ. ಇದು ಕಿರುಕುಳವಾಗಿ ಕಂಡರೂ, ಸೈಕಲ್ ಸವಾರನನ್ನು ರಸ್ತೆಯ ಪೂರ್ಣ ಸದಸ್ಯನೆಂದು ಆಡಳಿತ ಗಣಿಸಿದ್ದಕ್ಕೆ ಸಾಕ್ಷಿ.

ತಿರುವು ಬಂದದ್ದು ರಸ್ತೆಯ ನಿರ್ಮಾಣದಲ್ಲಿ. ೧೯೫೬ರ ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆಯ ಅನುಸೂಚಿಯಲ್ಲಿ ಪುಣೆ-ಬೆಂಗಳೂರು-ಮದ್ರಾಸು ದಾರಿ ೪ನೆಯ ಸಂಖ್ಯೆಯನ್ನೂ, ಹೈದರಾಬಾದಿನಿಂದ ಬೆಂಗಳೂರಿಗೆ ಬರುವ ದಾರಿ ೭ನೆಯ ಸಂಖ್ಯೆಯನ್ನೂ, ಬೆಂಗಳೂರು-ಮಂಗಳೂರು ದಾರಿ ೪೮ನೆಯ ಸಂಖ್ಯೆಯನ್ನೂ ಪಡೆದುವು. (ಈ ಸಂಖ್ಯೆಗಳು ೨೦೧೦ರಲ್ಲಿ ಬದಲಾದುವು.) ನೆಲಮಂಗಲ, ಹೊಸಕೋಟೆ, ದೇವನಹಳ್ಳಿಗಳು ಹೀಗೆ ದೇಶದ ನಕ್ಷೆಯ ಮೇಲೆ ಬಂದುವು. ಮುಂದೆ ೨೦೭ನೆಯ ಸಂಖ್ಯೆಯ, ಈಗ ೬೪೮ ಎನಿಸಿರುವ ಹೆದ್ದಾರಿ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರಗಳನ್ನು ಹಾಯ್ದು ನೆಲಮಂಗಲ ತಾಲೂಕಿನ ದಾಬಸ್‌ಪೇಟೆಯನ್ನು ಮುಟ್ಟಿ ನಾಲ್ಕೂ ತಾಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸಿತು.

ಹೆದ್ದಾರಿಯಲ್ಲಿ ಸೈಕಲ್ಲಿಗೆ ಸ್ಥಾನವೆಲ್ಲಿ ಎಂಬುದನ್ನು ತಜ್ಞರು ಯೋಚಿಸಿರಲಿಲ್ಲವೆಂದು ಹೇಳಲಾಗದು. ಭಾರತೀಯ ರಸ್ತೆ ಕಾಂಗ್ರೆಸ್ ೧೯೬೨ರಲ್ಲಿಯೇ ಸೈಕಲ್ ಪಥಗಳ ರಚನೆಯನ್ನು ಕುರಿತು ಶಿಫಾರಸುಗಳನ್ನು ಪ್ರಕಟಿಸಿತು. ಗಂಟೆಗೆ ೧೦೦ರಿಂದ ೨೦೦ ಮೋಟಾರುಗಳು ಓಡುವ ದಾರಿಯಲ್ಲಿ, ದಟ್ಟಣೆಯ ವೇಳೆ ಗಂಟೆಗೆ ೪೦೦ ಸೈಕಲ್ಲುಗಳಿದ್ದರೆ ಪ್ರತ್ಯೇಕ ಪಥ ಮಾಡಬಹುದು. ಮೋಟಾರುಗಳು ೨೦೦ನ್ನು ಮೀರಿದರೆ ೧೦೦ ಸೈಕಲ್ಲುಗಳಿದ್ದರೂ ಸಾಕು ಎಂಬುದು ಅದರ ಸಾರ. ಪಟ್ಟಣಕ್ಕೆ ಈ ಗಣಿತ ಒಪ್ಪುತ್ತದೆ. ಆದರೆ ಹಳ್ಳಿಯಿಂದ ಹೋಬಳಿಯ ಪ್ರೌಢಶಾಲೆಗೆ ಬೆಳಿಗ್ಗೆ ಮೂವತ್ತು ನಲವತ್ತು ಮಕ್ಕಳು ಸೈಕಲ್ಲಿನಲ್ಲಿ ಹೋಗುವ ರಸ್ತೆ ಈ ಎಣಿಕೆಯಲ್ಲಿ ಎಂದೂ ತೇರ್ಗಡೆಯಾಗದು. ಎಣಿಕೆ ಸಣ್ಣದಾದ ಮಾತ್ರಕ್ಕೆ ಒಬ್ಬ ಬಾಲಕಿಗೆ ಲಾರಿಯಿಂದೊದಗುವ ಅಪಾಯವೇನೂ ಸಣ್ಣದಾಗುವುದಿಲ್ಲ.

ಇದು ಊಹೆಯ ಉದಾಹರಣೆಯಲ್ಲ. ಕರ್ನಾಟಕ ಸರ್ಕಾರ ೨೦೦೬-೦೭ನೆಯ ಸಾಲಿನಿಂದ ೮ನೆಯ ತರಗತಿಯ ಬಾಲಕಿಯರಿಗೆ, ಅನಂತರ ಬಾಲಕರಿಗೂ, ಉಚಿತವಾಗಿ ಸೈಕಲ್ಲುಗಳನ್ನು ಹಂಚಿತು. ಕೋವಿಡ್ ಕಾಲದಲ್ಲಿ ನಿಂತುಹೋಗುವವರೆಗೆ ಈ ಯೋಜನೆ ಹಳ್ಳಿಯ ಹೆಣ್ಣುಮಕ್ಕಳನ್ನು ಶಾಲೆಗೆ ಕರೆತಂದ ದೊಡ್ಡ ಸಾಧನ. ಅದೇ ವರ್ಷಗಳಲ್ಲಿಯೇ ಈ ಜಿಲ್ಲೆಯ ರಸ್ತೆಗಳು ಅಗಲವಾದುವು. ೨೦೦೮ರ ಮೇ ೨೪ರಂದು ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾಯಿತು. ರಸ್ತೆಯ ನಡುವೆ ವಿಭಜಕ ಎದ್ದಿತು. ಊರು ಒಂದು ಕಡೆ, ಹೊಲವೋ ಶಾಲೆಯೋ ಇನ್ನೊಂದು ಕಡೆ ಉಳಿಯಿತು. ಒಂದು ಇಲಾಖೆ ಮಗುವಿನ ಕೈಗೆ ಸೈಕಲ್ಲನ್ನು ಕೊಟ್ಟಿತು; ಇನ್ನೊಂದು ಇಲಾಖೆ ಆ ಸೈಕಲ್ಲು ಓಡಬೇಕಾದ ಅಂಚನ್ನು ಲಾರಿಗೆ ಕೊಟ್ಟಿತು. ಎರಡೂ ಸದುದ್ದೇಶದ ಕಾರ್ಯಗಳೇ. ಒಂದನ್ನೊಂದು ಕೇಳಿ ಮಾಡಿದುವಲ್ಲ.

ಇಲ್ಲಿ ಚಾಲಕರ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಸುಗ್ಗಿಯ ಕಾಲದಲ್ಲಿ ಈ ತಾಲೂಕುಗಳ ಟಾರು ರಸ್ತೆಯೇ ಕಣವಾಗುತ್ತದೆ. ರಾಗಿಯನ್ನೂ ಹುರುಳಿಯನ್ನೂ ದಾರಿಯ ಮೇಲೆ ಹರಡಿ, ಓಡಾಡುವ ವಾಹನಗಳ ಚಕ್ರಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುವುದನ್ನು ಎಲ್ಲರೂ ಕಂಡಿದ್ದಾರೆ. ಸಗಣಿ ಸಾರಿಸಿದ ಕಣ, ರೋಣಗಲ್ಲು, ಅದನ್ನೆಳೆಯುವ ಎತ್ತು ಇವು ಮನೆಗಳಿಂದ ಮರೆಯಾದ ಮೇಲೆ ಬಂದ ಪದ್ಧತಿ ಇದು. ಹುಲ್ಲಿನ ಮೇಲೆ ಮೋಟಾರು ಬೈಕು ಜಾರಿ ಬಿದ್ದು ಪೆಟ್ಟಾಗುವುದುಂಟು. ದೊಡ್ಡಬಳ್ಳಾಪುರ ತಾಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುವ ಜೋಡಿ ಎತ್ತುಗಳು, ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರು, ಎದುರು ದಿಕ್ಕಿನಲ್ಲಿ ಬರುವ ದ್ವಿಚಕ್ರ ವಾಹನ ಇವೆಲ್ಲ ರಾತ್ರಿ ಪಯಣದ ಲಾರಿ ಚಾಲಕನಿಗೆ ನಿಜವಾದ ಭಯಗಳು. ಆದರೆ ಸವಾರನು ಎದುರು ದಿಕ್ಕಿನಲ್ಲಿ ಏಕೆ ಬರುತ್ತಾನೆಂದು ವಿಚಾರಿಸಬೇಕು. ರಸ್ತೆಯಾಚೆಯ ತನ್ನದೇ ಹೊಲವನ್ನು ಸೇರಲು ಬಹುದೂರ ಹೋಗಿ ತಿರುಗಿ ಬರಬೇಕಾದಾಗ, ಅಶಿಸ್ತೆಂದು ನಾವು ಕರೆಯುವುದರಲ್ಲಿ ಒಂದು ಪಾಲು ರಸ್ತೆಯ ರಚನೆಯದೇ ಆಗಿರುತ್ತದೆ.

ಕಾನೂನಿನ ಅಕ್ಷರ ಮಾತ್ರ ಬಹುಕಾಲ ಹಳೆಯ ನಿಲುವಿನಲ್ಲಿಯೇ ಇದ್ದಿತು. ೧೯೮೮ರ ಮೋಟಾರು ವಾಹನ ಕಾಯಿದೆಯನ್ನನುಸರಿಸಿ ೧೯೮೯ರಲ್ಲಿ ಬಂದ ರಸ್ತೆ ನಿಯಮಗಳು, ಕಾಲುದಾರಿಯ ಮೇಲೂ ಸೈಕಲ್ ಪಥದ ಮೇಲೂ ಮೋಟಾರು ಓಡಿಸಬಾರದೆಂದು ಚಾಲಕನಿಗೇ ಆಜ್ಞಾಪಿಸಿದುವು. ಕಾಲುದಾರಿಯೇ ಇಲ್ಲದ ಕಡೆ ಈ ಆಜ್ಞೆಗೆ ಅರ್ಥವಿಲ್ಲದಾಯಿತು. ೨೦೧೯ರ ತಿದ್ದುಪಡಿಯಲ್ಲಿ ಹೊಸದೊಂದು ಅಂಶ ಸೇರಿತು. ಕಾಯಿದೆಯ ೧೩೮ನೆಯ ಪ್ರಕರಣಕ್ಕೆ ಕೂಡಿಸಿದ (೧ಎ) ಉಪಪ್ರಕರಣ, ಯಂತ್ರರಹಿತ ವಾಹನಗಳೂ ಪಾದಚಾರಿಗಳೂ ಸಾರ್ವಜನಿಕ ಸ್ಥಳಗಳನ್ನೂ ಹೆದ್ದಾರಿಗಳನ್ನೂ ಪ್ರವೇಶಿಸುವುದನ್ನು ನಿಯಂತ್ರಿಸುವ ನಿಯಮಗಳನ್ನು ಮಾಡಲು ಸರ್ಕಾರಗಳಿಗೆ ಅಧಿಕಾರ ಕೊಟ್ಟಿತು. ೨೦೨೩ರ ಆಗಸ್ಟ್ ೧ರಿಂದ ನೆರೆಯ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ ದ್ವಿಚಕ್ರ, ತ್ರಿಚಕ್ರ ವಾಹನಗಳನ್ನೂ ಟ್ರ್ಯಾಕ್ಟರುಗಳನ್ನೂ ಯಂತ್ರರಹಿತ ವಾಹನಗಳನ್ನೂ ಹೆದ್ದಾರಿ ಪ್ರಾಧಿಕಾರ ನಿಷೇಧಿಸಿತು. ಪ್ರಾಣರಕ್ಷಣೆಯೇ ಇದರ ಉದ್ದೇಶವಾದರೂ, ಪಕ್ಕದ ಸೇವಾ ರಸ್ತೆ ಅವಿಚ್ಛಿನ್ನವಾಗಿದ್ದಾಗ ಮಾತ್ರ ಇಂಥ ನಿಷೇಧ ನ್ಯಾಯವೆನಿಸುತ್ತದೆ. ೨೦೨೫ರ ಅಕ್ಟೋಬರ್ ೭ರಂದು ಸರ್ವೋಚ್ಚ ನ್ಯಾಯಾಲಯವು (೧ಎ) ಉಪಪ್ರಕರಣದ ಮೇರೆಗೆ ಆರು ತಿಂಗಳೊಳಗೆ ನಿಯಮಗಳನ್ನು ರಚಿಸುವಂತೆ ರಾಜ್ಯಗಳಿಗೆ ಆದೇಶಿಸಿತು. ಒಂದೇ ಅಧಿಕಾರವನ್ನು ನಡೆಯುವವನನ್ನು ಹೊರಗಿಡುವುದಕ್ಕೂ ಬಳಸಬಹುದು, ಅವನಿಗೆ ಹಕ್ಕಿನ ದಾರಿಯನ್ನು ಕಟ್ಟಿಕೊಡುವುದಕ್ಕೂ ಬಳಸಬಹುದು ಎಂಬುದನ್ನು ಮರೆಯಲಾಗದು.

ಮೇಲಣ ವಿವೇಚನೆಯಿಂದ ಹೊರಡುವ ನಿರ್ಣಯವಿಷ್ಟು. ಈ ತಾಲೂಕುಗಳಲ್ಲಿ ಎಚ್ಚರಿಕೆಯ ಹೊಣೆ ಚಾಲಕನಿಂದ ದಾರಿಹೋಕನ ಮೇಲೆ ಜಾರಿದ್ದು ಯಾವ ಶಾಸನಸಭೆಯ ತೀರ್ಮಾನದಿಂದಲೂ ಅಲ್ಲ. ರಸ್ತೆಯ ಅಗಲ, ವಿಭಜಕ, ದಾಟುವ ಸ್ಥಳಗಳ ಅಂತರ, ಸೈಕಲ್ಲುಗಳ ಎಣಿಕೆ ಇಂಥ ತಾಂತ್ರಿಕ ತೀರ್ಮಾನಗಳಿಂದ ಅದು ಸದ್ದಿಲ್ಲದೆ ಜಾರಿತು. ಆದ್ದರಿಂದಲೇ ಅದನ್ನು ಕುರಿತು ಚರ್ಚೆ ನಡೆಯಲಿಲ್ಲ. ಚರ್ಚೆಗೆ ಬೇಕಾದ ಆಧಾರಗಳು ನಮ್ಮ ಸಮೀಪದಲ್ಲಿಯೇ ಇವೆ. ೧೯೫೬ರ ತಿದ್ದುಪಡಿಯಿಂದ ಅಸ್ತಿತ್ವಕ್ಕೆ ಬಂದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳ ತೀರ್ಪುಗಳು, ಠಾಣೆಗಳ ದಾಖಲೆಗಳು, ರಸ್ತೆ ದಾಟಲು ಅವಕಾಶ ಕೋರಿ ಗ್ರಾಮ ಪಂಚಾಯಿತಿಗಳು ಮಾಡಿದ ನಿರ್ಣಯಗಳು ಇವನ್ನು ಓದಿದರೆ ಯಾವ ಊರಿನ ಬಳಿ, ಯಾವ ವರ್ಷದಿಂದ, ಎಂಥವರು ಪ್ರಾಣ ಕಳೆದುಕೊಂಡರೆಂಬುದು ಸ್ಪಷ್ಟವಾಗುತ್ತದೆ. ಚರಿತ್ರೆಯ ವಿದ್ಯಾರ್ಥಿಗಳು ತಮ್ಮ ತಮ್ಮ ತಾಲೂಕಿನ ಒಂದೊಂದು ರಸ್ತೆಯನ್ನು ಹೀಗೆ ಅಭ್ಯಾಸಮಾಡುವುದು ಉಚಿತ. ಮುಂದಿನ ರಸ್ತೆಯನ್ನು ಕಟ್ಟುವವರು ಗಾಡಿಗಳನ್ನೆಣಿಸುವ ಮೊದಲು ಇಂಥ ಅಭ್ಯಾಸಗಳನ್ನು ಓದುವಂತಾದರೆ ಆ ಶ್ರಮ ಸಾರ್ಥಕವಾದೀತು.