ನಂಬಿಕೆಯ ಎದುರುನುಡಿಗಳು

ಒಂದು ನಾಡಿನ ಇತಿಹಾಸವನ್ನು ಅದರ ಶಾಸನಗಳಲ್ಲಿ, ಕೋಟೆಕೊತ್ತಲಗಳಲ್ಲಿ ಓದುವುದು ವಾಡಿಕೆ. ಆದರೆ ನಾಡವರು ದಿನವೂ ಆಡುವ ಮಾತುಗಳೂ ಒಂದು ಬಗೆಯ ಶಾಸನಗಳೇ. ಒಂದು ಮಾತು ಎಲ್ಲಿಂದ, ಯಾವ ಅಗತ್ಯಕ್ಕಾಗಿ ನುಡಿಯೊಳಗೆ ಬಂದಿತೆಂದು ವಿಚಾರಿಸಿದರೆ ಜನರು ಬಾಳಿದ ರೀತಿ ಕಣ್ಣಿಗೆ ಕಟ್ಟುತ್ತದೆ. ನಂಬಿಕೆಯೆಂಬ ಅರ್ಥಕ್ಕೆ ಕನ್ನಡದ ಬಳಕೆಯಲ್ಲಿರುವ ಮಾತುಗಳು ಕೆಲವೇ. ಅದರ ಎದುರರ್ಥಕ್ಕಾದರೋ ಅಪನಂಬಿಕೆ, ಅವಿಶ್ವಾಸ, ಸಂಶಯ, ಶಂಕೆ, ಅನುಮಾನ, ಗುಮಾನಿ, ದಗಾ, ವಂಚನೆ, ದ್ರೋಹ ಎಂದು ದೊಡ್ಡ ಸಾಲೇ ಇದೆ. ಇವೆಲ್ಲವೂ ಒಂದೇ ಅಲ್ಲ. ಇವುಗಳ ನಡುವಣ ಅಂತರವನ್ನು ಮರೆತಾಗ ಮನೆಗಳೂ ಸಂಸ್ಥೆಗಳೂ ಸರಕಾರಗಳೂ ಕಷ್ಟಕ್ಕೆ ಈಡಾಗುತ್ತವೆ.

ನಂಬು, ನೆಚ್ಚು ಎಂಬಿವು ಅಚ್ಚಗನ್ನಡದ ಧಾತುಗಳು. ವಿಶ್ವಾಸವು ಸಂಸ್ಕೃತದಿಂದ ಬಂದುದು. ಅದರ ಮೂಲದಲ್ಲಿರುವುದು ಉಸಿರಾಟವನ್ನು ಹೇಳುವ ‘ಶ್ವಸ್’ ಧಾತು. ಅಂಜಿಕೆಯಿಲ್ಲದೆ ನಿರಾಳವಾಗಿ ಉಸಿರಾಡಬಲ್ಲ ಸ್ಥಿತಿಯೇ ವಿಶ್ವಾಸ. ಕನ್ನಡಿಗರು ಅದಕ್ಕೆ ಪ್ರೀತಿಯ ಅರ್ಥವನ್ನೂ ಕೂಡಿಸಿಕೊಂಡು, ಕಾಗದದ ಕೊನೆಯಲ್ಲಿ ‘ತಮ್ಮ ವಿಶ್ವಾಸಿ’ ಎಂದು ರುಜು ಹಾಕಿದರು. ಹಾಗಾದರೆ ಅವಿಶ್ವಾಸವೆಂದರೆ ಉಸಿರು ಬಿಗಿಹಿಡಿದು ಬಾಳುವುದೆಂದಾಯಿತು. ಅಪನಂಬಿಕೆಯಾದರೋ ಸಂಸ್ಕೃತದ ‘ಅಪ’ ಉಪಸರ್ಗವನ್ನು ಕನ್ನಡದ ನಂಬಿಕೆಗೆ ಹತ್ತಿಸಿದ ಬೆರಕೆಯ ಮಾತು. ಕನ್ನಡ ಸಂಸ್ಕೃತಗಳನ್ನು ಹೀಗೆ ಬೆರೆಸಿದ ಸಮಾಸವನ್ನು ಅರಿಸಮಾಸವೆಂದು ಹಳೆಯ ವೈಯಾಕರಣರು ದೂರವಿಡುತ್ತಿದ್ದರು. ಜನರು ಮಾತ್ರ ಈ ಬೆರಕೆಯನ್ನು ಸಂಕೋಚವಿಲ್ಲದೆ ಒಪ್ಪಿಕೊಂಡರು.

ಸಂಶಯಕ್ಕೆ ನಮ್ಮ ಶಾಸ್ತ್ರಗಳಲ್ಲಿ ಗೌರವದ ಸ್ಥಾನವಿದೆ. ಗೌತಮನ ನ್ಯಾಯಸೂತ್ರವು ಎಣಿಸುವ 16 ಪದಾರ್ಥಗಳಲ್ಲಿ ಪ್ರಮಾಣ, ಪ್ರಮೇಯಗಳ ತರುವಾಯ ಮೂರನೆಯದಾಗಿ ಬರುವುದೇ ಸಂಶಯ. ಮಬ್ಬಿನಲ್ಲಿ ಕಾಣುವುದು ಮೋಟುಮರವೋ ಮನುಷ್ಯನೋ ಎಂಬ ಪ್ರಶ್ನೆ ಹುಟ್ಟದಿದ್ದರೆ ನಿರ್ಣಯದತ್ತ ಹೆಜ್ಜೆಯೇ ಇಲ್ಲ. ಅನುಮಾನವೂ ಅಲ್ಲಿ ಒಂದು ಪ್ರಮಾಣ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯಿದೆಯೆಂದು ತಿಳಿಯುವ ಜ್ಞಾನಸಾಧನವದು. ಕನ್ನಡದ ಆಡುಮಾತಿಗೆ ಇಳಿದಾಗ ಈ ಪದದ ಮುಖವೇ ತಿರುಗಿತು. ಹೊಗೆಯಿಂದ ಬೆಂಕಿಯನ್ನು ತಿಳಿಸುತ್ತಿದ್ದ ಅನುಮಾನ, ಹೊಗೆಯಿಲ್ಲದೆಡೆಯಲ್ಲಿಯೂ ಬೆಂಕಿಯನ್ನು ಕಾಣುವ ಅನುಮಾನವಾಯಿತು. ತಿಳಿಯಬಯಸುವ ಸಂಶಯ ಬೇರೆ, ತಿಳಿಯುವ ಮುನ್ನವೇ ತೀರ್ಪು ಕೊಡುವ ಅನುಮಾನ ಬೇರೆ.

ಇವೆರಡಕ್ಕೂ ದ್ರೋಹವನ್ನು ಹೋಲಿಸಲಾಗದು. ಅವು ಮನಸ್ಸಿನ ಭಾವಗಳು, ದ್ರೋಹ ಕೈಯಾರೆ ಮಾಡುವ ಕೃತ್ಯ. ರಾಜರ ಕಾಲದಲ್ಲಿ ಅದರ ಭಯ ಎಷ್ಟಿತ್ತೆಂಬುದಕ್ಕೆ ಹೊಯ್ಸಳರ ಇತಿಹಾಸದಲ್ಲಿ ಒಳ್ಳೆಯ ಸಾಕ್ಷ್ಯವಿದೆ. ವಿಷ್ಣುವರ್ಧನನ ದಂಡನಾಯಕ, ಚೋಳರಿಂದ ತಲಕಾಡನ್ನು ಗೆದ್ದುಕೊಟ್ಟ ಗಂಗರಾಜನಿಗೆ ‘ದ್ರೋಹಘರಟ್ಟ’ ಎಂಬ ಬಿರುದಿತ್ತು. ಘರಟ್ಟವೆಂದರೆ ಬೀಸುವ ಕಲ್ಲು. ದ್ರೋಹಿಗಳನ್ನು ಹಿಟ್ಟು ಮಾಡುವವನೆಂದು ಅದರ ಭಾವ. ಆತನ ಮಗ ಬೊಪ್ಪನು ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, 1133ರಲ್ಲಿ ಕಟ್ಟಿಸಿದ ಬಸದಿಗೆ ದ್ರೋಹಘರಟ್ಟ ಜಿನಾಲಯವೆಂದೇ ಹೆಸರಾಯಿತು. ಶಾಂತಿಯ ನೆಲೆಯಾದ ದೇವಾಲಯದ ಹೆಸರಿನಲ್ಲಿಯೂ ದ್ರೋಹದ ನೆನಪು ಉಳಿಯಿತೆಂಬುದು ವಿಚಾರಾರ್ಹ.

ಮುಂದೆ ಮುಸಲ್ಮಾನ ಅರಸರ ಆಳ್ವಿಕೆಯಲ್ಲಿ ಪಾರಸಿಯು ಕಚೇರಿಯ ಭಾಷೆಯಾಯಿತು. ಗುಮಾನಿ, ದಗಾ ಎಂಬ ಮಾತುಗಳು ಆ ಭಾಷೆಯಿಂದ ಬಂದವು. ಪಾರಸಿಯ ‘ಗುಮಾನ್’ ಎಂಬುದಕ್ಕೆ ಊಹೆಯೆಂಬ ಅರ್ಥವೂ ಇದ್ದು, ನಮ್ಮಲ್ಲಿ ಅದರ ಶಂಕೆಯ ಅರ್ಥವೇ ನಿಂತಿತು. ಆದರೆ ಅದೇ ಕಚೇರಿಯ ಬಾಗಿಲಿನಿಂದ ಜಾಮೀನು, ಖಾತ್ರಿ, ದಸ್ತಾವೇಜು ಎಂಬ ಮಾತುಗಳೂ ಬಂದುವೆಂಬುದನ್ನು ಮರೆಯಬಾರದು. ರೋಗದೊಡನೆ ಮದ್ದೂ ಬಂದಿತು. ಗುರುತಿಲ್ಲದವರೊಡನೆ ವ್ಯವಹರಿಸುವಾಗ ಮನದ ಗುಮಾನಿಯನ್ನು ಮನದಲ್ಲಿಯೇ ಬೆಳೆಸದೆ ಬರೆಹಕ್ಕೆ ಇಳಿಸಿ, ಸಾಕ್ಷಿಗಳ ಎದುರಿಗೆ ಬಗೆಹರಿಸಿಕೊಳ್ಳುವ ದಾರಿಯದು.

ಪ್ರಜಾಪ್ರಭುತ್ವವು ಈ ದಾರಿಯನ್ನೇ ಇನ್ನಷ್ಟು ಮುಂದಕ್ಕೆ ಒಯ್ದು, ಅವಿಶ್ವಾಸಕ್ಕೆ ಸಭೆಯಲ್ಲಿ ಒಂದು ಪೀಠವನ್ನೇ ಕೊಟ್ಟಿತು. ಲೋಕಸಭೆಯಲ್ಲಿ ಮೊದಲ ಅವಿಶ್ವಾಸ ನಿರ್ಣಯವನ್ನು 1963ರ ಆಗಸ್ಟಿನಲ್ಲಿ ನೆಹರೂ ಸರಕಾರದ ಮೇಲೆ ಮಂಡಿಸಿದವರು ಆಚಾರ್ಯ ಕೃಪಲಾನಿಯವರು. ಸ್ವಾತಂತ್ರ್ಯ ಸಂಗ್ರಾಮದಲ್ಲಿ ನೆಹರೂ ಅವರ ಒಡನಾಡಿಯಾಗಿದ್ದವರು ಚೀನಾ ಯುದ್ಧದ ಸೋಲಿನ ತರುವಾಯ ಎದುರಿಗೆ ನಿಂತೇ ತಮ್ಮ ಅವಿಶ್ವಾಸವನ್ನು ನುಡಿದರು. ನಿರ್ಣಯದ ಪರವಾಗಿ 62, ವಿರುದ್ಧವಾಗಿ 347 ಮತಗಳು ಬಿದ್ದುವು. ಅದನ್ನು ಯಾರೂ ದ್ರೋಹವೆನ್ನಲಿಲ್ಲ.

ನಮ್ಮ ನಾಡಿನಲ್ಲಿ ಇದಕ್ಕೆ ವಿಪರೀತವಾದುದು ನಡೆಯಿತು. 1989ರ ಏಪ್ರಿಲ್ ತಿಂಗಳಿನಲ್ಲಿ ಎಸ್. ಆರ್. ಬೊಮ್ಮಾಯಿಯವರ ಸರಕಾರಕ್ಕೆ ಬೆಂಬಲವಿಲ್ಲವೆಂದು 19 ಶಾಸಕರ ಹೆಸರಿನ ಪತ್ರಗಳು ರಾಜ್ಯಪಾಲರಿಗೆ ತಲುಪಿದುವು. ಅವರಲ್ಲಿ 7 ಮಂದಿ, ತಮ್ಮ ಸಹಿಯನ್ನು ತಪ್ಪು ತಿಳಿಸಿ ಪಡೆಯಲಾಗಿದೆಯೆಂದು ಬರೆದುಕೊಟ್ಟರು. ಸದನದಲ್ಲಿಯೇ ಬಹುಮತವನ್ನು ತೋರಿಸುವೆವೆಂದು ಮುಖ್ಯಮಂತ್ರಿಗಳು ಕೇಳಿಕೊಂಡರು. ಆ ಅವಕಾಶ ದೊರೆಯಲಿಲ್ಲ, ಏಪ್ರಿಲ್ 21ರಂದು ಸರಕಾರವು ವಜಾ ಆಯಿತು. ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು 1994ರ ಮಾರ್ಚ್ 11ರಂದು ತೀರ್ಪನ್ನಿತ್ತು, ಸರಕಾರದ ಬಲಾಬಲವನ್ನು ಪರೀಕ್ಷಿಸತಕ್ಕ ಸ್ಥಳ ಸದನವೇ ಎಂದು ಸಾರಿತು. ಹೋದ ಸರಕಾರ ಮರಳಿ ಬರಲಿಲ್ಲ. ಆದರೆ ಒಂದು ಕನ್ನಡ ಮನೆತನದ ಹೆಸರು ಭಾರತದ ಸಂವಿಧಾನಶಾಸ್ತ್ರದಲ್ಲಿ ನಿಂತಿತು. ಅನುಮಾನವು ಪ್ರಮಾಣವಲ್ಲ, ಅವಿಶ್ವಾಸವಿದ್ದರೆ ಅದನ್ನು ಸಭೆಯ ನಡುವೆ ನುಡಿಯಬೇಕು ಎಂಬುದೇ ಆ ತೀರ್ಪಿನ ತಿರುಳೆಂದು ನಾವು ತಿಳಿಯಬಹುದು.

ಈ ವಿವೇಕವು ಶಾಸನಸಭೆಗಳಿಗೆ ಮಾತ್ರ ಮೀಸಲಲ್ಲ. ಭಕ್ತರ ಕಾಣಿಕೆಯಿಂದ ನಡೆಯುವ ಸಂಸ್ಥೆಯಲ್ಲಿ ಒಬ್ಬರು ಎದ್ದು ನಿಂತು ಲೆಕ್ಕ ಕೇಳಿದರೆ ಅವರನ್ನು ಉಂಡ ಮನೆಯ ಜಂತೆ ಎಣಿಸುವವರೆಂದು ಹಳಿಯುವುದುಂಟು. ಅದು ಸರಿಯಲ್ಲ. ಕೇಳಿದವರದು ಸಂಶಯ, ಉತ್ತರ ದೊರೆತೊಡನೆ ಅದು ಅಡಗುತ್ತದೆ. ಸಭೆಯಲ್ಲಿ ಸುಮ್ಮನಿದ್ದು ಜಗಲಿಯ ಮೇಲೆ ಪಿಸುಗುಡುವುದು ಗುಮಾನಿ, ಅದಕ್ಕೆ ಯಾವ ಉತ್ತರವೂ ಸಾಲದು. ಕೇಳುವವರನ್ನು ದ್ರೋಹಿಗಳೆಂದು ಕರೆದಲ್ಲಿ ಪಿಸುಮಾತಿನವರೇ ಉಳಿಯುತ್ತಾರೆ. ಲೆಕ್ಕದ ಪುಸ್ತಕವನ್ನು ತೆರೆದಿಟ್ಟ ಮನೆಯಲ್ಲಿ ಜನರು ನಿರಾಳವಾಗಿ ಉಸಿರಾಡುತ್ತಾರೆ. ವಿಶ್ವಾಸವೆಂಬ ಮಾತಿನ ಮೂಲಾರ್ಥವೂ ಅದೇ ಅಲ್ಲವೇ?