ಕತ್ತರಿಯಿಂದ ಗಣಕಯಂತ್ರದವರೆಗೆ: ಐದು ಟೇಪುಗಳ ನೆಪದಲ್ಲಿ



ನಮ್ಮ ಶಾಲೆಯ ಬೆಳ್ಳಿಹಬ್ಬ 2008ರಲ್ಲಿ ನಡೆದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಎಚ್‌ಡಿವಿ ಕ್ಯಾಮೆರಾದಲ್ಲಿ ಎರಡು ದಿನಗಳ ಕಾರ್ಯಕ್ರಮವನ್ನು ಚಿತ್ರೀಕರಿಸಿ, ಐದು ಪುಟ್ಟ ಟೇಪುಗಳನ್ನು ನನ್ನ ಕೈಗಿತ್ತು, "ಸರ್, ಎಡಿಟ್ ಮಾಡಿ ಎಲ್ಲರಿಗೂ ಹಂಚೋಣ" ಎಂದಿದ್ದನು. ಮೂರನೆಯ ಟೇಪಿನಲ್ಲಿ ನಮ್ಮ ಮೊದಲ ಮುಖ್ಯೋಪಾಧ್ಯಾಯರು ಶಾಲೆ ಹುಟ್ಟಿದ ಕಥೆಯನ್ನು 40 ನಿಮಿಷಗಳ ಕಾಲ ಹೇಳಿದ್ದಾರೆ. ಮರುವರ್ಷವೇ ಅವರು ತೀರಿಕೊಂಡರು. ಆ ಕಥೆಯನ್ನು ಅವರು ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಆ ಕೆಲಸಕ್ಕೆಂದೇ ನಾನು ರೂ. 38,000 ಕೊಟ್ಟು ಒಂದು ಗಣಕಯಂತ್ರವನ್ನು ಕೊಂಡೆ. ಅಂಗಡಿಯವರು ದೊಡ್ಡ ಪರದೆಯನ್ನೂ ಆಟಗಳಿಗೆ ಬೇಕಾಗುವ ಗ್ರಾಫಿಕ್ಸ್ ಕಾರ್ಡನ್ನೂ ಹೊಗಳಿ ಹೊಗಳಿ ಕೊಟ್ಟರು. ಒಳಗಿದ್ದ ಪ್ರೊಸೆಸರ್ ಮಾತ್ರ ಅತ್ಯಂತ ಅಗ್ಗದ್ದು. ಚಿತ್ರ ಮುಗ್ಗರಿಸಿ ಮುಗ್ಗರಿಸಿ ಓಡಿತು. ಒಂದು ದೃಶ್ಯವನ್ನು ಕತ್ತರಿಸಲು ಹೊರಟರೆ ಯಂತ್ರವೇ ನಿಂತುಬಿಡುತ್ತಿತ್ತು. ಮುಂದೊಂದು ಮಳೆಗಾಲದಲ್ಲಿ ಸಿಡಿಲು ಬಡಿದು, ಅದರೊಳಗೆ ಇಳಿಸಿಟ್ಟಿದ್ದ ಚಿತ್ರಗಳೂ ಹೋದವು. ಟೇಪುಗಳು ಬೀರುವಿನ ಮೇಲಟ್ಟಕ್ಕೆ ಸೇರಿದವು.

ನಲವತ್ತು ವರ್ಷಗಳ ಹತ್ತಿರ ಹತ್ತಿರ ಇತಿಹಾಸ ಪಾಠ ಹೇಳಿದ ನನಗೆ, ನಾನು ಎಡವಿದ್ದು ಎಲ್ಲಿ ಎಂಬುದು ತಿಳಿದದ್ದು ನಿವೃತ್ತಿಯಾದ ಮೇಲೆ ಈ ಯಂತ್ರಗಳ ಇತಿಹಾಸವನ್ನು ಓದಿದಾಗಲೇ. ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಸಿನಿಮಾದ ಆರಂಭದ ದಿನಗಳಲ್ಲಿ ಸಂಕಲನವೆಂದರೆ ಅಕ್ಷರಶಃ ಕತ್ತರಿ ಮತ್ತು ಅಂಟು. ಫಿಲ್ಮನ್ನು ಬೆಳಕಿಗೆ ಹಿಡಿದರೆ ಚಿತ್ರ ಕಣ್ಣಿಗೆ ಕಾಣುತ್ತಿತ್ತು. 1924ರಲ್ಲಿ ಅಮೆರಿಕದ ಇವಾನ್ ಸೆರುರಿಯೇ ಎಂಬಾತನು ರೂಪಿಸಿದ ಮೂವಿಯೋಲಾ ಯಂತ್ರವು ಫಿಲ್ಮನ್ನು ಓಡಿಸಿ ನೋಡುತ್ತಲೇ ಕತ್ತರಿಸುವ ಅನುಕೂಲವನ್ನು ಒದಗಿಸಿತು. 1956ರಲ್ಲಿ ಆಂಪೆಕ್ಸ್ ಸಂಸ್ಥೆಯು ಎರಡು ಅಂಗುಲ ಅಗಲದ ವಿಡಿಯೋ ಟೇಪನ್ನು ತಂದಾಗ ಹೊಸ ತೊಡಕು ಹುಟ್ಟಿತು. ಟೇಪಿನಲ್ಲಿರುವುದು ಕಾಂತಶಕ್ತಿಯ ಗುರುತು. ಅದು ಕಣ್ಣಿಗೆ ಕಾಣದು. ಸಂಕಲನಕಾರರು ಅದರ ಮೇಲೆ ಕಬ್ಬಿಣದ ಸೂಕ್ಷ್ಮ ಪುಡಿಯ ದ್ರವವನ್ನು ಲೇಪಿಸಿ, ಸೂಕ್ಷ್ಮದರ್ಶಕದಲ್ಲಿ ಗೆರೆಗಳನ್ನು ನೋಡಿ, ಬ್ಲೇಡಿನಿಂದ ಕತ್ತರಿಸುತ್ತಿದ್ದರು. ಅಂದಿನ ಕಷ್ಟ ಕಾಣದಿರುವುದರದ್ದು.

ಗಣಕಯಂತ್ರದಿಂದ ಸಂಕಲನ ಮಾಡುವ ಮೊದಲ ವ್ಯವಸ್ಥೆ ಬಂದುದು 1971ರಲ್ಲಿ. ಸಿಬಿಎಸ್ ಮತ್ತು ಮೆಮೊರೆಕ್ಸ್ ಸಂಸ್ಥೆಗಳು ಕೂಡಿ ಕಟ್ಟಿದ ಸಿಎಂಎಕ್ಸ್ 600 ಎಂಬ ಆ ಯಂತ್ರದ ಬೆಲೆ ಸುಮಾರು 2,50,000 ಡಾಲರ್. ಬಟ್ಟೆ ಒಗೆಯುವ ಯಂತ್ರದಷ್ಟು ದೊಡ್ಡ ಡಿಸ್ಕುಗಳು ಸಾಲಾಗಿ ನಿಂತರೂ ಅವುಗಳಲ್ಲಿ ಹಿಡಿಸುತ್ತಿದ್ದುದು ಅರ್ಧ ಗಂಟೆಗೂ ಕಡಿಮೆ ಅವಧಿಯ ಮಸುಕಾದ ಕಪ್ಪುಬಿಳುಪು ಚಿತ್ರ. ಮಾರಾಟವಾದುವು ಬೆರಳೆಣಿಕೆಯಷ್ಟು. 1989ರಲ್ಲಿ ಆ್ಯವಿಡ್ ಸಂಸ್ಥೆಯು ಮೆಕಿಂಟಾಷ್ ಗಣಕಯಂತ್ರವನ್ನು ಆಧರಿಸಿ ತನ್ನ ವ್ಯವಸ್ಥೆಯನ್ನು ಹೊರತಂದಾಗಲೂ ಡಿಸ್ಕಿನ ಇಕ್ಕಟ್ಟಿನಿಂದಾಗಿ ಚಿತ್ರವನ್ನು ಒರಟಾಗಿ ಕುಗ್ಗಿಸಿಡಬೇಕಿತ್ತು. ಈ ಕಾಲದ ಕಷ್ಟ ಜಾಗದ್ದು.

ಮುಂದಿನ ಕಷ್ಟ ಸಾಗಣೆಯದು. 1995ರಲ್ಲಿ ಡಿವಿ ಟೇಪೂ ಫೈರ್‌ವೈರ್ ಸಂಪರ್ಕವೂ ಬಳಕೆಗೆ ಬಂದು, ಕ್ಯಾಮೆರಾದಿಂದ ಗಣಕಯಂತ್ರಕ್ಕೆ ಒಂದೇ ತಂತಿಯಲ್ಲಿ ಚಿತ್ರವನ್ನು ಇಳಿಸುವುದು ಸಾಧ್ಯವಾಯಿತು. 1999ರಲ್ಲಿ ಆಪಲ್ ಸಂಸ್ಥೆಯ ಫೈನಲ್ ಕಟ್ ಪ್ರೊ ತಂತ್ರಾಂಶ 999 ಡಾಲರಿಗೆ ಮಾರಾಟಕ್ಕೆ ಬಂದಿತು. ಅದೇ ವರ್ಷ ಬಂದ ಐಮೂವಿ ಮನೆಯವರಿಗೂ ಈ ವಿದ್ಯೆಯನ್ನು ತಲುಪಿಸಿತು. 'ದಿ ಇಂಗ್ಲಿಷ್ ಪೇಷೆಂಟ್' ಚಿತ್ರವನ್ನು ಆ್ಯವಿಡ್‌ನಲ್ಲಿ ಸಂಕಲಿಸಿ 1997ರಲ್ಲಿ ಆಸ್ಕರ್ ಪಡೆದ ವಾಲ್ಟರ್ ಮರ್ಚ್ ಅವರು, 2003ರ 'ಕೋಲ್ಡ್ ಮೌಂಟನ್' ಚಿತ್ರಕ್ಕೆ ಫೈನಲ್ ಕಟ್ ಪ್ರೊವನ್ನೇ ಆರಿಸಿಕೊಂಡರು. ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ತಂತ್ರಾಂಶದಲ್ಲಿ ಹಾಲಿವುಡ್ಡಿನ ದೊಡ್ಡ ಚಿತ್ರವೊಂದು ಸಿದ್ಧವಾಯಿತು.

ಇನ್ನು ನಮ್ಮ ಐದು ಟೇಪುಗಳ ವಿಷಯಕ್ಕೆ ಬರೋಣ. 2003ರಲ್ಲಿ ಸೋನಿ, ಜೆವಿಸಿ, ಕ್ಯಾನನ್ ಮತ್ತು ಶಾರ್ಪ್ ಸಂಸ್ಥೆಗಳು ಎಚ್‌ಡಿವಿ ಎಂಬ ಕ್ರಮವನ್ನು ಒಪ್ಪಿಕೊಂಡವು. ಸ್ವಲ್ಪ ಲೆಕ್ಕ ಮಾಡೋಣ, ಸ್ಲೇಟು ಬೇಕಿಲ್ಲ. ಹಳೆಯ ದೂರದರ್ಶನದ ಡಿಜಿಟಲ್ ಚಿತ್ರದಲ್ಲಿ 720 × 576, ಅಂದರೆ 4,14,720 ಚುಕ್ಕೆಗಳು. ಪೂರ್ಣ ಎಚ್‌ಡಿ ಚಿತ್ರದಲ್ಲಿ 1920 × 1080, ಅಂದರೆ 20,73,600 ಚುಕ್ಕೆಗಳು. ಸರಿಯಾಗಿ ಐದು ಪಟ್ಟು. ಎಚ್‌ಡಿವಿ ಟೇಪಿನಲ್ಲಿ ಅಗಲವನ್ನು 1440 ಚುಕ್ಕೆಗಳಿಗೆ ಇಳಿಸಿದರೂ ಹಳೆಯದರ ಮೂರೂಮುಕ್ಕಾಲು ಪಟ್ಟು ಉಳಿಯುತ್ತದೆ. ಆದರೆ ಟೇಪು ಹಳೆಯದೇ. ಸೆಕೆಂಡಿಗೆ 25 ಮೆಗಾಬಿಟ್‌ಗಿಂತ ಹೆಚ್ಚು ಹಿಡಿಸದು. ಹಾಗಾದರೆ ಅದರಲ್ಲಿ ಇಷ್ಟು ದೊಡ್ಡ ಚಿತ್ರ ಹಿಡಿಸಿದ್ದು ಹೇಗೆ?

ಉಪಾಯ ಸೊಗಸಾದುದು. ಡಿವಿಯಲ್ಲಿ ಪ್ರತಿಯೊಂದು ಚಿತ್ರವೂ ಪೂರ್ಣವಾಗಿರುತ್ತಿತ್ತು. ಎಚ್‌ಡಿವಿಯಲ್ಲಿ, ನಮ್ಮ ದೇಶದ ಕ್ಯಾಮೆರಾಗಳ ಕ್ರಮದಂತೆ, 12 ಚಿತ್ರಗಳ ಗುಂಪಿಗೆ ಒಂದು ಮಾತ್ರ ಪೂರ್ಣ ಚಿತ್ರ. ಉಳಿದ ಹನ್ನೊಂದರಲ್ಲಿ ಏನೇನು ಬದಲಾಯಿತೆಂಬ ಟಿಪ್ಪಣಿ ಮಾತ್ರ. ಹಾಜರಿ ಪುಸ್ತಕದಲ್ಲಿ ಗೈರುಹಾಜರಾದವರನ್ನಷ್ಟೇ ಗುರುತಿಸಿದ ಹಾಗೆ. ಇದರಿಂದ ಜಾಗ ಉಳಿಯಿತು. ಆದರೆ ನಡುವಿನ ಒಂದು ಚಿತ್ರವನ್ನು ತೋರಿಸಲು ಗಣಕಯಂತ್ರವು ಸುತ್ತಲಿನದನ್ನೆಲ್ಲ ಲೆಕ್ಕಹಾಕಿ ಕಟ್ಟಬೇಕಾಯಿತು. 2006ರಲ್ಲಿ ಬಂದ ಎವಿಸಿಎಚ್‌ಡಿ ಕ್ಯಾಮೆರಾಗಳ ಲೆಕ್ಕವಂತೂ ಇನ್ನೂ ಜಟಿಲ. ಹೀಗೆ ಆ ಕಾಲದ ಕಷ್ಟ ಲೆಕ್ಕದ್ದು. ಲೆಕ್ಕ ಮಾಡುವುದು ಪ್ರೊಸೆಸರ್. ನಾನು ಹಣವನ್ನೆಲ್ಲ ಪರದೆಗೂ ಆಟದ ಕಾರ್ಡಿಗೂ ಸುರಿದು, ಲೆಕ್ಕದ ಮೇಷ್ಟ್ರನ್ನೇ ಅರ್ಧ ಸಂಬಳಕ್ಕೆ ನೇಮಿಸಿಕೊಂಡಿದ್ದೆ!

ಇತಿಹಾಸ ಕಲಿಸುವ ಪಾಠ ಇದು: ಪ್ರತಿ ಕಾಲದಲ್ಲಿಯೂ ಕೆಲಸವನ್ನು ತಡೆಯುವ ಗಂಟು ಒಂದೇ ಇರುತ್ತದೆ. ಅದು ಎಲ್ಲಿದೆಯೆಂದು ತಿಳಿದವನು ಅಗ್ಗವಾಗಿ ಕೊಳ್ಳುತ್ತಾನೆ. ತಿಳಿಯದವನು ಹೆಚ್ಚು ಹಣ ಕೊಟ್ಟೂ ಕೈಸುಟ್ಟುಕೊಳ್ಳುತ್ತಾನೆ.

ಆ ಗಂಟು ಕ್ರಮೇಣ ಸಡಿಲವಾಯಿತು. 2011ರಲ್ಲಿ ಇಂಟೆಲ್ ಸಂಸ್ಥೆಯು ತನ್ನ ಪ್ರೊಸೆಸರುಗಳಲ್ಲಿಯೇ ವಿಡಿಯೋ ಲೆಕ್ಕಕ್ಕೆಂದು ಪ್ರತ್ಯೇಕ ಭಾಗವನ್ನು ಅಳವಡಿಸಿತು. ಅದೇ ವರ್ಷ ಬ್ಲ್ಯಾಕ್‌ಮ್ಯಾಜಿಕ್ ಸಂಸ್ಥೆಯು, ಹಿಂದೆ ಲಕ್ಷಾಂತರ ಡಾಲರ್ ಬೆಲೆಬಾಳುತ್ತಿದ್ದ ಡಾವಿಂಚಿ ವ್ಯವಸ್ಥೆಯ ಒಂದು ಉಚಿತ ರೂಪವನ್ನು ಬಿಡುಗಡೆ ಮಾಡಿತು. ಇಂದು ಎಚ್‌ಡಿ ಸಂಕಲನಕ್ಕೆ ವಿಶೇಷ ಯಂತ್ರವೇ ಬೇಕಿಲ್ಲ. ಕಚೇರಿಗಳು ಬಳಸಿ ಬಿಟ್ಟ ನಾಲ್ಕು ಕೋರ್‌ಗಳ ಗಣಕಯಂತ್ರ, 16 ಜಿಬಿ ರ್‍ಯಾಮ್, ತಂತ್ರಾಂಶಕ್ಕೆ ಒಂದು ಎಸ್‌ಎಸ್‌ಡಿ, ಪ್ರತಿಗಳಿಗೆಂದು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕು, ಜೊತೆಗೊಂದು ಯುಪಿಎಸ್: ಇಷ್ಟು ಸಾಕು. ಡಾವಿಂಚಿಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಬೇಕಾದೀತು. ಕೇಡೆನ್‌ಲೈವ್ ಅಥವಾ ಶಾಟ್‌ಕಟ್ ಎಂಬ ಉಚಿತ ತಂತ್ರಾಂಶಗಳು ಸಾಧಾರಣ ಯಂತ್ರದಲ್ಲಿಯೂ ನಡೆಯುತ್ತವೆ. ನಾನು ಕೊಂಡ ಹಳೆಯ ಯಂತ್ರಕ್ಕೆ ರೂ. 18,000 ಆಯಿತು.

ಈಗಿನ ಗಂಟು ಬೇರೆ ಕಡೆ ಇದೆ. ಟೇಪನ್ನು ಓಡಿಸುವ ಕ್ಯಾಮೆರಾ ಸಿಗುವುದಿಲ್ಲ. ಹೊಸ ಯಂತ್ರಗಳಲ್ಲಿ ಫೈರ್‌ವೈರ್ ಕಿಂಡಿ ಇರುವುದಿಲ್ಲ. ಟೇಪಂತೂ ವರ್ಷದಿಂದ ವರ್ಷಕ್ಕೆ ಸವೆಯುತ್ತಿದೆ. ನಿಮ್ಮ ಮನೆಗಳಲ್ಲಿ ಮದುವೆಯ, ಉಪನಯನದ, ಅಜ್ಜ ಅಜ್ಜಿಯರ ಟೇಪುಗಳಿದ್ದರೆ ಯಂತ್ರದ ಆಯ್ಕೆಗಾಗಿ ಕಾಯಬೇಡಿ. ಮೊದಲು ಇಳಿಸಿಡಿ, ಎಡಿಟಿಂಗ್ ನಿಧಾನವಾಗಿ ಆಗಲಿ.

ಬೆಳ್ಳಿಹಬ್ಬವನ್ನು ಚಿತ್ರೀಕರಿಸಿದ ಆ ವಿದ್ಯಾರ್ಥಿಯೇ ಹಳೆಯ ಕ್ಯಾಮೆರಾವನ್ನು ದುರಸ್ತಿ ಮಾಡಿಸಿ, ಫೈರ್‌ವೈರ್ ಕಾರ್ಡನ್ನೂ ಹುಡುಕಿ ತಂದನು. ಗಂಟೆಗೆ ಸುಮಾರು 11 ಜಿಬಿಯಂತೆ ಐದು ಟೇಪುಗಳೂ ಇಳಿದವು. ಹದಿನಾರು ವರ್ಷಗಳಿಗೂ ಹೆಚ್ಚು ಕಾಲದ ನಂತರ ಆ ಧ್ವನಿಯನ್ನು ಕೇಳಿದಾಗ ನಾವಿಬ್ಬರೂ ಮಾತನಾಡಲಿಲ್ಲ.

ಆದರೆ ಮೂರನೆಯ ಟೇಪು ಕೆಲವೆಡೆ ಸವೆದಿದೆ. ಎಚ್‌ಡಿವಿಯಲ್ಲಿ ಪೂರ್ಣ ಚಿತ್ರವೊಂದು ಕೆಟ್ಟರೆ ಅದರ ಗುಂಪೇ ಕೆಡುತ್ತದೆ. ಸುಮಾರು ಅರ್ಧ ಸೆಕೆಂಡು ಚಿತ್ರ ನಿಂತು, ಧ್ವನಿ ಅಡಗುತ್ತದೆ. ಅರ್ಧ ಸೆಕೆಂಡಿನಲ್ಲಿ ಏನು ಮಹಾ ಹೋದೀತು ಎನ್ನಬಹುದು. "ಜಾಗವಿಲ್ಲದೆ ಛತ್ರದಲ್ಲಿ ಪಾಠ ನಡೆಯುತ್ತಿತ್ತು. ಆಗ ತಮ್ಮ ಎರಡು ಎಕರೆ ಹೊಲವನ್ನು ಬಿಟ್ಟುಕೊಟ್ಟ ತಾಯಿ..." ಎಂದು ಮುಖ್ಯೋಪಾಧ್ಯಾಯರು ಹೇಳುತ್ತಾರೆ; ಮುಖ ಹಾಗೆಯೇ ನಿಲ್ಲುತ್ತದೆ; ಮತ್ತೆ ಚಲಿಸುವಷ್ಟರಲ್ಲಿ ಹೆಸರು ದಾಟಿಹೋಗಿದೆ.

ಅಂದು ಚಪ್ಪರದಡಿಯಲ್ಲಿ ಕುಳಿತು ಕೇಳಿದವರು ನಿಮ್ಮಲ್ಲಿ ಅನೇಕರಿದ್ದೀರಿ. ನಾನೂ ಇದ್ದೆ, ಆದರೆ ಊಟದ ವ್ಯವಸ್ಥೆಗೆಂದು ಆ ಹೊತ್ತಿಗೆ ಎದ್ದುಹೋಗಿದ್ದೆ. ಆ ತಾಯಿಯ ಹೆಸರು ನಿಮಗೆ ನೆನಪಿದ್ದರೆ, ಅಥವಾ ನಿಮ್ಮ ಮನೆಯ ಹಿರಿಯರಿಗೆ ತಿಳಿದಿದ್ದರೆ, ದಯವಿಟ್ಟು ನನಗೆ ತಿಳಿಸಿ. ಆ ಅರ್ಧ ಸೆಕೆಂಡಿನ ಜಾಗದಲ್ಲಿ ಅವರ ಹೆಸರನ್ನು ಅಕ್ಷರಗಳಲ್ಲಿ ಬರೆದು ಸೇರಿಸಿದ ಮೇಲೆಯೇ ನಿಮಗೆಲ್ಲ ಪ್ರತಿಗಳನ್ನು ಹಂಚಬೇಕೆಂದಿದ್ದೇನೆ.