ಡೆನಿಸನ್ ಬಾರ್ಬ್ ಮೀನು: ಮಾಹಿತಿ ಹಾಗೂ ಸಾರ್ವಜನಿಕರಿಗೆ ಸೂಚನೆ

ಪರಿಚಯ
ಪಶ್ಚಿಮ ಘಟ್ಟಗಳ ತೊರೆ ಹಾಗೂ ನದಿಗಳಲ್ಲಿ ಮಾತ್ರ ಸ್ವಾಭಾವಿಕವಾಗಿ ಕಂಡುಬರುವ ಸಣ್ಣ ಸಿಹಿನೀರಿನ ಮೀನುಗಳಲ್ಲಿ ಡೆನಿಸನ್ ಬಾರ್ಬ್ ಒಂದಾಗಿದೆ. ಇದು ಗೆಂಡೆ ಮೀನುಗಳ ಕುಟುಂಬಕ್ಕೆ ಸೇರಿದ್ದು, ಇದರ ವೈಜ್ಞಾನಿಕ ಹೆಸರು ಸಹ್ಯಾದ್ರಿಯಾ ಡೆನಿಸೋನಿ. ಮಲಯಾಳದಲ್ಲಿ ಇದನ್ನು 'ಚೆಂಕಣಿಯಾನ್' ಎಂದೂ, ಅಲಂಕಾರಿಕ ಮೀನುಗಳ ವ್ಯಾಪಾರದಲ್ಲಿ 'ಮಿಸ್ ಕೇರಳ' ಎಂದೂ ಕರೆಯುತ್ತಾರೆ. ಫ್ರಾನ್ಸಿಸ್ ಡೇ ಅವರು 1865ರಲ್ಲಿ ಇದನ್ನು ಮೊದಲಬಾರಿಗೆ ವಿವರಿಸಿ, ಅಂದಿನ ಮದರಾಸಿನ ಗವರ್ನರ್ ಸರ್ ವಿಲಿಯಂ ಡೆನಿಸನ್ ಅವರ ಹೆಸರನ್ನು ಇಟ್ಟರು. 2013ರಲ್ಲಿ ಇದನ್ನು 'ಸಹ್ಯಾದ್ರಿಯಾ' ಎಂಬ ಹೊಸ ಕುಲಕ್ಕೆ ಸೇರಿಸಲಾಯಿತು.

ಗುರುತಿಸುವ ಲಕ್ಷಣಗಳು
- ಬೆಳ್ಳಿಯ ಬಣ್ಣದ ನೀಳ ಶರೀರ. ಸುಮಾರು 15 ಸೆಂ.ಮೀ.ವರೆಗೆ ಬೆಳವಣಿಗೆ.
- ಮೂತಿಯಿಂದ ಬಾಲದವರೆಗೆ ಕಪ್ಪು ಪಟ್ಟಿ. ಅದರ ಮೇಲ್ಭಾಗದಲ್ಲಿ, ಕಣ್ಣಿನ ಮೂಲಕ ಹಾದು ದೇಹದ ಮಧ್ಯದವರೆಗೆ ಕೆಂಪು ಪಟ್ಟಿ.
- ಬಾಲದ ಈಜುರೆಕ್ಕೆಯ ಎರಡೂ ಕವಲುಗಳಲ್ಲಿ ಕಪ್ಪು ಮತ್ತು ಹಳದಿ ಗುರುತು.

ವಾಸಸ್ಥಾನ
ಕೇರಳದ ಹಲವು ನದಿಗಳ ಮೇಲ್ಭಾಗ ಹಾಗೂ ಕರ್ನಾಟಕದ ದಕ್ಷಿಣ ಭಾಗ ಇದರ ನೆಲೆಯಾಗಿದೆ. ಇದು ವಾಸಿಸುವ ಚಂದ್ರಗಿರಿ ಮತ್ತು ವಳಪಟ್ಟಣಂ ನದಿಗಳ ಉಗಮ ಕೊಡಗಿನ ಬೆಟ್ಟಗಳಲ್ಲಿದೆ. ಬಂಡೆಗಳ ನಡುವಿನ ಮಡುಗಳು, ಆಮ್ಲಜನಕ ಹೇರಳವಾಗಿರುವ ತಂಪಾದ ಹರಿಯುವ ನೀರು ಹಾಗೂ ದಡದ ಮರಗಿಡಗಳ ನೆರಳು ಇದಕ್ಕೆ ಅವಶ್ಯಕ. ಇದು ಗುಂಪುಗುಂಪಾಗಿ ಸಂಚರಿಸುವುದರಿಂದ ಒಂದೇ ಬಲೆಗೆ ಇಡೀ ಗುಂಪು ಸಿಲುಕುವ ಸಂಭವವಿದೆ.

ಎದುರಿಸುತ್ತಿರುವ ಅಪಾಯ
ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಈ ಪ್ರಭೇದವನ್ನು 'ಅಪಾಯದಂಚಿನಲ್ಲಿರುವ' ವರ್ಗಕ್ಕೆ ಸೇರಿಸಿದೆ. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2005ರಿಂದ 2012ರ ಅವಧಿಯಲ್ಲಿ ಸಹ್ಯಾದ್ರಿಯಾ ಕುಲದ ಮೂರು ಲಕ್ಷಕ್ಕೂ ಅಧಿಕ ಮೀನುಗಳು ಭಾರತದಿಂದ ರಫ್ತಾಗಿವೆ. ಕೇರಳ ಸರ್ಕಾರವು 2008ರಲ್ಲಿ ಇವುಗಳ ಸಂಗ್ರಹಣೆಗೆ ನಿರ್ಬಂಧ ವಿಧಿಸಿತು. ಆದರೆ ನಿಗದಿಪಡಿಸಿದ ನಿಷೇಧದ ತಿಂಗಳುಗಳು ಮೀನಿನ ನಿಜವಾದ ಸಂತಾನೋತ್ಪತ್ತಿ ಕಾಲಕ್ಕೆ ಹೊಂದಿಕೆಯಾಗಲಿಲ್ಲವೆಂದು ನಂತರದ ಸಂಶೋಧನೆಗಳಿಂದ ತಿಳಿದುಬಂದಿತು. ಅಣೆಕಟ್ಟು, ಮರಳು ತೆಗೆಯುವಿಕೆ, ತೋಟಗಳಿಂದ ಹರಿದುಬರುವ ಕೀಟನಾಶಕ ಹಾಗೂ ವಿಷ, ಸ್ಫೋಟಕ ಬಳಸಿ ಮೀನು ಹಿಡಿಯುವುದು ಇತರ ಕಾರಣಗಳಾಗಿವೆ.

ಕಾನೂನಿನ ರಕ್ಷಣೆ
ವನ್ಯಜೀವಿ (ಸಂರಕ್ಷಣೆ) ತಿದ್ದುಪಡಿ ಅಧಿನಿಯಮ, 2022ರ ಮೂಲಕ ಈ ಮೀನನ್ನು 1ನೇ ಅನುಸೂಚಿಗೆ ಸೇರಿಸಲಾಗಿದ್ದು, ತಿದ್ದುಪಡಿಯು ದಿನಾಂಕ 1-4-2023ರಿಂದ ಜಾರಿಗೆ ಬಂದಿದೆ. ಅಧಿನಿಯಮದಲ್ಲಿ 'ಬೇಟೆ' ಎಂಬ ಪದವು ಜೀವಂತವಾಗಿ ಹಿಡಿಯುವುದನ್ನೂ ಒಳಗೊಂಡಿರುತ್ತದೆ. 1ನೇ ಅನುಸೂಚಿಯ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ 3ರಿಂದ 7 ವರ್ಷಗಳವರೆಗೆ ಕಾರಾಗೃಹ ವಾಸ ಹಾಗೂ ರೂ. 25,000ಕ್ಕೆ ಕಡಿಮೆಯಿಲ್ಲದ ಜುಲ್ಮಾನೆ ವಿಧಿಸಬಹುದಾಗಿದೆ.

ಸಾರ್ವಜನಿಕರ ಗಮನಕ್ಕೆ
1. ತೊರೆಗಳಲ್ಲಿ ಈ ಮೀನು ಬಲೆಗೆ ಸಿಲುಕಿದಲ್ಲಿ ತಕ್ಷಣವೇ ಅದೇ ನೀರಿಗೆ ಬಿಡತಕ್ಕದ್ದು.
2. ಅಕ್ವೇರಿಯಂಗಾಗಿ ಮೀನು ಖರೀದಿಸುವವರು ಹಾಗೂ ಮಾರಾಟಗಾರರು ಪ್ರಚಲಿತ ಅನುಸೂಚಿಯನ್ನು ಪರಿಶೀಲಿಸಿ, ಸಂದೇಹವಿದ್ದಲ್ಲಿ ಸಮೀಪದ ಅರಣ್ಯ ಇಲಾಖೆಯ ಕಛೇರಿಯಲ್ಲಿ ವಿಚಾರಿಸತಕ್ಕದ್ದು.
3. ಸಂಶೋಧನೆ ಅಥವಾ ಶಿಕ್ಷಣದ ಉದ್ದೇಶಕ್ಕಾಗಿ ಮೀನು ಸಂಗ್ರಹಿಸಲು ಇಚ್ಛಿಸುವವರು ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿಯನ್ನು ಮುಂಚಿತವಾಗಿ ಪಡೆಯತಕ್ಕದ್ದು.
4. ಸಾಕಿದ ಮೀನುಗಳನ್ನು ಯಾವುದೇ ಹಳ್ಳ, ಕೆರೆ ಅಥವಾ ನದಿಗೆ ಬಿಡಬಾರದು. ಇದರಿಂದ ಸ್ಥಳೀಯ ಮೀನುಗಳಿಗೆ ರೋಗ ಹರಡುವ ಸಂಭವವಿರುತ್ತದೆ.

ತೊರೆಯ ನೀರು ಹಾಗೂ ದಡದ ಮರಗಳು ಉಳಿದಲ್ಲಿ ಮಾತ್ರ ಈ ಮೀನು ಉಳಿಯಲು ಸಾಧ್ಯ. ಆದುದರಿಂದ ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.